ನಿಲ್ಲದ ಬಣ್ಣ

ಬಿಳಿ ಜಮಖಾನೆಯ ಮೇಲೆ ಇನ್ನೊಂದು ಕೆಂಪು ಕಲೆ. ಕಾರು ಮೇಳದ ಆ ಸ್ಟಾಲಿನ ಮ್ಯಾನೇಜರು ಅದನ್ನು ನೋಡಿದ, ಸುತ್ತ ನೆರೆದ ಗಿರಾಕಿಗಳನ್ನು ನೋಡಿದ, ಆಮೇಲೆ ಎದುರು ಸಾಲಿನ ವೇದಿಕೆಯ ಮೇಲೆ ಮೆರೆಯುತ್ತಿದ್ದ ದಾಳಿಂಬೆ ಬಣ್ಣದ ಕಾರನ್ನು ನೋಡಿದ.

“ಅವರ ಗಾಡಿದೇ ಇದು,” ಎಂದ. “ಬಣ್ಣ ಒಣಗೋಕ್ ಮುಂಚೆನೇ ತಂದು ನಿಲ್ಲಿಸಿದ್ದಾರೆ. ಜನ ಅಲ್ಲಿ ತುಳೀತಾರೆ, ಇಲ್ಲಿ ಬಂದು ಒರೆಸ್ತಾರೆ.”

ಕಸ ಗುಡಿಸುವ ಹೆಂಗಸು ಒದ್ದೆ ಬಟ್ಟೆ ಹಿಡಿದು ಮೊಣಕಾಲೂರಿದಳು. ಪಕ್ಕದಲ್ಲೇ ನಿಂತಿದ್ದ ಡ್ರೈವರ್ ಮಾತ್ರ ಆ ಮಾತನ್ನು ಜೇಬಿಗೆ ಹಾಕಿಕೊಂಡ. ಬೇಕಾಗುತ್ತದೆ.

ಏಕೆಂದರೆ ಆ ದಾಳಿಂಬೆ ಬಣ್ಣದ್ದು ತನ್ನಷ್ಟಕ್ಕೆ ತಾನೇ ಓಡುವ ಕಾರು. ಸ್ಟೀರಿಂಗಿಲ್ಲ, ಬ್ರೇಕಿಲ್ಲ, ಡ್ರೈವರ್ ಅಂತೂ ಬೇಡವೇ ಬೇಡ. ಅಮ್ಮನವರ ಕಣ್ಣು ಬೆಳಿಗ್ಗೆಯಿಂದ ಅದರ ಮೇಲೇ ಇತ್ತು. ಅಮ್ಮನವರ ತಲೆ ಕಪ್ಪಗಿದ್ದ ಕಾಲದಿಂದ ಅವರ ಗಾಡಿ ಓಡಿಸಿದವನು ಇವನು. ಈಗ ಇವನ ತಲೆಯೂ ನರೆತಿದೆ. ಈ ವಯಸ್ಸಿನಲ್ಲಿ ಇನ್ನೊಂದು ಮನೆಯಲ್ಲಿ ಕೆಲಸ ಯಾರು ಕೊಡುತ್ತಾರೆ?

ಹೆದರಿಕೆಯಾಗಬೇಕಿತ್ತು. ಆಗುತ್ತಿರಲಿಲ್ಲ. ಮನಸ್ಸು ಮರಗಟ್ಟಿದಂತಿತ್ತು. ಇತ್ತೀಚೆಗೆ ಎಲ್ಲವೂ ಹಾಗೇ. ಮೊನ್ನೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಗ್ಯಾರೇಜಿನಿಂದ ಅಡುಗೆಮನೆಯವರೆಗೂ ನಡೆದುಬಂದಿದ್ದ. “ಯಾವ ಲೋಕದಲ್ಲಿದ್ದೀರಿ?” ಎಂದು ಹೆಂಡತಿ ನಕ್ಕಿದ್ದಳು. ಕೆಲಸ ಹೋಗುವ ಚಿಂತೆಯಲ್ಲಿ ಚಪ್ಪಲಿಯ ಚಿಂತೆ ಯಾರಿಗೆ ಇರುತ್ತದೆ?

ಎಲ್ಲಕ್ಕೂ ಮೂಲ ಹಳೇ ಗಾಡಿಯ ಬ್ರೇಕು. ಒಂದೊಂದು ಸಲ ತಡವಾಗಿ ಹಿಡಿಯುತ್ತಿತ್ತು, ಒಂದೊಂದು ಸಲ ಗಕ್ಕನೆ ನಿಂತು ಅಮ್ಮನವರ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಮೆಕ್ಯಾನಿಕ್ ಎರಡು ಸಲ ಬಿಚ್ಚಿ ನೋಡಿ, ಬ್ರೇಕು ಹೊಸದರಂತಿದೆ ಎಂದುಬಿಟ್ಟ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಗೊಣಗಿದ್ದೂ ಇವನ ಕಿವಿಗೆ ಬಿದ್ದಿತ್ತು. ಅಂದಿನಿಂದ ಆ ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟ. ಗಾಡಿಗೆ ವಯಸ್ಸಾಯಿತು, ಹೊಸದು ತಗೊಳ್ಳಿ ಎಂದು ಅಮ್ಮನವರಿಗೆ ಹೇಳಿದವನೂ ಇವನೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ.

ಆದ್ದರಿಂದ ಬೆಳಿಗ್ಗೆಯಿಂದ ಸ್ಟಾಲು ಸ್ಟಾಲಿಗೂ ಅಮ್ಮನವರನ್ನು ಕರೆದೊಯ್ದು ಬೇರೆ ಕಾರುಗಳ ಗುಣಗಾನ ಮಾಡುತ್ತಿದ್ದ. ಒಂದರ ಬಾಗಿಲು ಮುಚ್ಚಿದರೆ ಹೊರಗಿನ ಸಂತೆಯೆಲ್ಲ ಬಾಯಿ ಮುಚ್ಚಿದಂತೆ. ಇನ್ನೊಂದರ ಸೀಟು ಮೆತ್ತಗಿತ್ತು, ಆದರೆ ಎದ್ದೇಳಲು ಇಬ್ಬರು ಬೇಕು. ಮೂರನೆಯದರ ಮುಂದೆ ಮನೆಯ ಟೀವಿಯೂ ನಾಚುವಷ್ಟು ದೊಡ್ಡ ಪರದೆ. “ಇದನ್ನ ನೋಡ್ಕೊಂಡು ರಸ್ತೆ ಯಾವಾಗ ನೋಡೋದಮ್ಮ?” ಎಂದ. ನಾಲ್ಕನೆಯದು ಬೂದು ಬಣ್ಣದ್ದು, ಸ್ಟೀರಿಂಗು, ಬ್ರೇಕು ಎಲ್ಲ ಇರಬೇಕಾದಲ್ಲೇ ಇತ್ತು. ಅವನಿಗೆ ಅದೇ ಸಾಕಾಗಿತ್ತು. ಅಮ್ಮನವರು ಹೂಂ ಎಂದರು. ಹೂಂ ಎಂದು ಮತ್ತೆ ದಾಳಿಂಬೆ ಬಣ್ಣದ ಕಡೆಗೇ ನಡೆದರು.

ಅಲ್ಲಿಗೆ ಇದು ಎರಡನೆಯ ಸಲ. ಮೊದಲ ಸಲವೇ ಡ್ರೈವರ್ ವೇದಿಕೆಯ ಹಿಂದಿನ ಹಲಗೆಗಳ ನಡುವೆ ನುಸುಳಿ, ಕಾರನ್ನು ಆಡಿಸುವ ಮೋಸದ ತಂತಿ ಎಲ್ಲಾದರೂ ಇದೆಯೇ ಎಂದು ಹುಡುಕಿ ಬರಿಗೈಲಿ ಬಂದಿದ್ದ. ಈಗ ವೇದಿಕೆಯ ಸುತ್ತಲೂ ಕೆಂಪು ಕಲೆಗಳು. ಕಂಪನಿಯವನು ಬೆವರುತ್ತಿದ್ದ.

“ನಮ್ಮ ಬಣ್ಣ ಅಲ್ಲ ಮೇಡಂ, ದೇವರಾಣೆ!”

“ನೀನೇನಂತೀಯಪ್ಪ?” ಅಮ್ಮನವರು ಡ್ರೈವರನ ಕಡೆ ತಿರುಗಿದರು. “ಮುಚ್ಚುಮರೆ ಬೇಡ.”

ಅವನ ಅನ್ನ ಆ ಉತ್ತರದಲ್ಲಿತ್ತು.

“ಮೈಮೇಲಿನ ಬಣ್ಣ ನಿಲ್ಲಿಸ್ಕೊಳ್ಳೋಕಾಗದ ಗಾಡಿ ಅಮ್ಮ ಇದು. ರಸ್ತೇಲಿ ತಾನೇ ನಿಲ್ಲುತ್ತಂತೆ! ಯಂತ್ರಕ್ಕೆ ಏನು ತಿಳಿಯುತ್ತೆ? ಚುಚ್ಚಿದ್ರೂ ಇಲ್ಲ, ಸುಟ್ರೂ ಇಲ್ಲ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದು ಕಾಲಿಗೆ ತಿಳೀಬೇಕು. ಅದು ಮನುಷ್ಯನ ಕಾಲು.”

ಅಮ್ಮನವರು ಕಲೆಗಳನ್ನು ನೋಡಿ ಹಣೆ ಮುಟ್ಟಿಕೊಂಡರು. ಹಣೆಯ ಮೇಲೆ ಹಳೇ ಗಾಡಿ ಕೊಟ್ಟ ಬೋರೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಸರಿ. ಆ ಬೂದು ಬಣ್ಣದ್ದೇ ಇರಲಿ. ಒಳ್ಳೇ ಬ್ರೇಕಿದ್ರೆ ನಿನ್ನಂಥ ಡ್ರೈವರ್ ಇನ್ನೆಲ್ಲಿ ಸಿಗ್ತಾನೆ? ಸೋಮವಾರದಿಂದ ಮೊಮ್ಮಕ್ಕಳನ್ನೂ ನೀನೇ ಸ್ಕೂಲಿಗೆ ಬಿಟ್ಟು ಬಾ. ಇಷ್ಟು ದಿನ ನನಗೆ ಧೈರ್ಯ ಬಂದಿರಲಿಲ್ಲ.”

ಗೆದ್ದಿದ್ದ. ಕುಣಿದಾಡುವಷ್ಟು ಸಂತೋಷ ಆಗಬೇಕಿತ್ತು. ಕೈ ಜೋಡಿಸಿದ, “ಆಗಲಮ್ಮ” ಎಂದ, ಅಷ್ಟೆ. ಸಂತೋಷ ನಿಧಾನಕ್ಕೆ ಬರುತ್ತದೆ, ರಾತ್ರಿ ಊಟದ ಹೊತ್ತಿಗೆ ಬಂದರೂ ಬಂದೀತು ಎಂದುಕೊಂಡ. ಅಮ್ಮನವರು ವ್ಯವಹಾರ ಮುಗಿಸಲು ಬೂದು ಕಾರಿನ ಸ್ಟಾಲಿನತ್ತ ಹೊರಟರು. ಅವನೂ ಹೆಜ್ಜೆ ಎತ್ತಿದ.

“ಅಣ್ಣಾ, ಸ್ವಲ್ಪ ನಿಲ್ಲಿ.”

ಕಸ ಗುಡಿಸುವ ಹೆಂಗಸು. ಕಲೆಯಿಂದ ಕಲೆಗೆ ಒರೆಸುತ್ತಾ, ಮೊಣಕಾಲಲ್ಲೇ ತೆವಳುತ್ತಾ, ಅವನ ಬುಡಕ್ಕೇ ಬಂದು ಮುಟ್ಟಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಅವನ ಮುಖವನ್ನು ವಿಚಿತ್ರವಾಗಿ ನೋಡಿದಳು.

“ಕಾಲೆತ್ತಿ.”

ಅವನು ಎಡಗಾಲು ಎತ್ತಿದ.

“ಅದಲ್ಲಣ್ಣಾ. ಬ್ರೇಕ್ ಒತ್ತೋ ಕಾಲು.”

ಬಲಗಾಲಿನ ಚಪ್ಪಲಿಯನ್ನು ಸೀಳಿಕೊಂಡು, ವೇದಿಕೆಯ ಹಲಗೆಗೆ ಹೊಡೆಯುವ ಬೆರಳುದ್ದದ ಸ್ಕ್ರೂ ತಲೆಯವರೆಗೂ ಅವನ ಪಾದದೊಳಗೆ ಇಳಿದಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದಾಗಲೂ ಅವನು, ಏನಮ್ಮ ಹುಡುಕ್ತಿದ್ದೀಯ, ಎಂದು ಕೇಳುತ್ತಲೇ ಇದ್ದ.