ಬೀಗದ ಮಾತು

ಗಂಡನ ಹೊಡೆತದ ಬಗ್ಗೆ ಹನಮವ್ವ ಬಾಯಿಬಿಟ್ಟು ಬರೆಸಿದ್ದ ಮೂರು ಪುಟಗಳು ಅವನದೇ ಮೊಬೈಲಿಗೆ ಬಂದುಬಿಟ್ಟಿದ್ದವು. ಅಣ್ಣಿಗೇರಿಯ ಮಹಿಳಾ ಸಹಾಯ ಕೇಂದ್ರದ ಕಂಪ್ಯೂಟರನ್ನು ಕೇಂದ್ರ ನೋಡಿಕೊಳ್ಳುವ ರೋಹಿಣಿಯೇ ರಿಪೇರಿಗೆ ಕೊಟ್ಟಿದ್ದಳು. ಅಂಗಡಿಯಲ್ಲಿ ಕೂರುವವನು ಆ ಗಂಡನ ಗೆಳೆಯ. ಮರುವಾರ ಹನಮವ್ವ ಕೇಂದ್ರಕ್ಕೆ ಬಂದದ್ದು ಮುರಿದ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು. ರೋಹಿಣಿಯನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಸಂಶಿಯಿಂದ ಮಶಾಕಸಾಬ ಬಂದ. ಮೂವತ್ತು ವರ್ಷ ರೇಡಿಯೋ, ಟಿ.ವಿ. ಬಿಚ್ಚಿ ಜೋಡಿಸಿದವನು, ಈಗ ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಡುತ್ತಾನೆ. ಹನಮವ್ವನನ್ನೂ ರೋಹಿಣಿ ಕರೆಸಿದ್ದಳು. ಏನು ನಡೆದರೂ ಅವಳ ಕಣ್ಣೆದುರೇ ನಡೆಯಲಿ ಎಂದು. ಪಾಸ್‌ವರ್ಡ್ ಮೊದಲೂ ಇತ್ತಲ್ಲ, ಅಂಗಡಿಯವನಿಗೆ ಆ ಪುಟಗಳು ಹೇಗೆ ಸಿಕ್ಕವು ಎಂದು ರೋಹಿಣಿ ಕೇಳಿದಳು. ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಹಚ್ಚಿದರೆ ಆ ಪಾಸ್‌ವರ್ಡ್ ಲೆಕ್ಕಕ್ಕಿಲ್ಲ ಎಂದ ಮಶಾಕಸಾಬ. ತಾನು ಈಗ ಹಾಕುವ ಬೀಗ ಡಿಸ್ಕಿನ ಒಂದೊಂದು ಅಕ್ಷರವನ್ನೂ ಕಲಸಿಡುತ್ತದೆ. ಬಿಚ್ಚಿದವನಿಗೆ ಬರೀ ಕಸ ಕಾಣುತ್ತದೆ.

ಹಳೆಯ ಕಡತಗಳನ್ನು ಬೇರೆಡೆ ತೆಗೆದಿರಿಸಿ ಅವನು ಕೆಲಸಕ್ಕೆ ಕೂತ. ಮೊದಲ ಸಲ ಹಾಕಿದ್ದು ಏಳಲೇ ಇಲ್ಲ. ಕಪ್ಪು ಪರದೆ. ಮಷೀನು ಹದಿನೈದು ವರ್ಷದ್ದು, ಹೊಸ ನಮೂನೆಯಲ್ಲಿ ಏಳುವುದು ಅದಕ್ಕೆ ತಿಳಿಯದು. ಎಲ್ಲವನ್ನೂ ಅಳಿಸಿ ಹಳೆಯ ಪದ್ಧತಿಯಲ್ಲೇ ಮತ್ತೆ ಶುರು ಮಾಡಿದ. ಮಷೀನು ಏಳುವುದಕ್ಕೆ ಬೇಕಾದಷ್ಟು ಸಣ್ಣ ಭಾಗ ಮಾತ್ರ ಬಯಲಿಗೆ, ಉಳಿದದ್ದೆಲ್ಲ ಬೀಗದೊಳಗೆ. ಆ ಬಯಲಿನ ಭಾಗದಲ್ಲಿ ಯಾವ ಹೆಂಗಸಿನ ಹೆಸರಾದರೂ ಕಾಣುತ್ತದೆಯೇ ಎಂದು ರೋಹಿಣಿ ಎರಡು ಸಲ ಕೇಳಿದಳು. ಎರಡು ಸಲವೂ ಅವನು ಇಲ್ಲವೆಂದ.

ಬೀಗ ತೆಗೆಯುವ ಮಾತು ಯಾವುದೆಂದು ಪರದೆ ಕೇಳಿತು.

“ಉದ್ದಂದು ಹಾಕ್ರಿ ಮೇಡಮ್ಮಾರ. ಮರತ್ರ ನನಗೂ ತಗಿಯಾಕ ಬರೂದಿಲ್ಲ. ಇನ್ನೊಬ್ರಿಗೂ ಗೊತ್ತಿರ್ಲಿ, ನಿಮಗ ಏನರ ಆತಂದ್ರ ಬೇಕಾಗ್ತೈತಿ” ಎಂದು ಮಶಾಕಸಾಬ ಗೋಡೆಯ ಕಡೆ ತಿರುಗಿ ಕೂತ.

ರೋಹಿಣಿ ಕೇಂದ್ರದ ಸಮಿತಿಯವರನ್ನು ಒಬ್ಬೊಬ್ಬರನ್ನಾಗಿ ನೆನೆದಳು, ಒಬ್ಬೊಬ್ಬರನ್ನಾಗಿ ಬಿಟ್ಟಳು. ಒಬ್ಬರಿಗೆ ಮಾತು ನಿಲ್ಲದು, ಇನ್ನೊಬ್ಬರ ಮನೆಯಲ್ಲಿ ಗಂಡನಿಗೆ ತಿಳಿಯದ್ದು ಏನೂ ಇಲ್ಲ. ಕಡೆಗೆ ಬಾಗಿಲ ಬಳಿ ಕೂತಿದ್ದ ಹನಮವ್ವನನ್ನು ಹತ್ತಿರ ಕರೆದಳು.

“ನನಗ ಓದಾಕ ಬರೂದಿಲ್ರಿ ಅಕ್ಕಾರ.”

“ಓದೂದು ಬ್ಯಾಡ. ನೀ ಎಂದೂ ಮರಿಯಲಾರದ ಒಂದ ಮಾತು ಹೇಳು. ಅದ ಕೀಲಿ. ನಿನಗೂ ಅದ, ನನಗೂ ಅದ.”

ಹನಮವ್ವ ಹೋಗಿ ಬಾಗಿಲು ಮುಚ್ಚಿ ಬಂದಳು. ಆಮೇಲೆ ಬಗ್ಗಿ ರೋಹಿಣಿಯ ಕಿವಿಯಲ್ಲಿ ಹೇಳಿದಳು. ಆರೇಳು ಪದ. ಗಂಡನ ಬಗ್ಗೆ ಬರೆಸಿದ್ದ ಮೂರು ಪುಟಗಳಲ್ಲೂ ಅವಳು ಹೇಳಲಾರದೆ ಬಿಟ್ಟಿದ್ದ ಮಾತು ಅದು.

ರೋಹಿಣಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಳು. ಪರದೆಯ ಮೇಲೆ ಬರೀ ಚುಕ್ಕೆಗಳು. ಇನ್ನೊಮ್ಮೆ ಒತ್ತು ಎಂದಿತು ಮಷೀನು. ಎರಡನೆಯ ಸಲ ಅವಳ ಬೆರಳು ನಡುವೆಯೇ ನಿಂತುಬಿಟ್ಟಿತು. ಹನಮವ್ವ ಮತ್ತೆ ಬಗ್ಗಿ, ಎಲ್ಲೂ ತಡವರಿಸದೆ, ಅದನ್ನೇ ಹೇಳಿದಳು.

ಈಗ ದಿನಾ ಹತ್ತು ಗಂಟೆಗೆ ಕೇಂದ್ರಕ್ಕೆ ಬಂದು ರೋಹಿಣಿ ಮಾಡುವ ಮೊದಲ ಕೆಲಸ, ಬೀಗ ತೆಗೆಯಲು ಆ ಮಾತನ್ನು ತನ್ನ ಕೈಯಾರೆ ಒಮ್ಮೆ ಬರೆಯುವುದು.