ಆಯುಧಪೂಜೆಗೆ ಸಲ್ಲದ ಡಬ್ಬಿ

ಆಯುಧಪೂಜೆಯ ದಿನ ಗುತ್ತಿಗೆದಾರ ಮಾವ ತನ್ನ ಜೀಪಿಗೆ, ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ಕೈಮುಗಿದ. ಸೊಸೆ ವಸುಧಾ ತನ್ನ ಹಳೆಯ ಗೇಮ್ ಡಬ್ಬಿಯನ್ನೂ ತಂದು ಮುಂದಿಟ್ಟಳು. ಆಟ ಬಿಟ್ಟು ಬೇರೇನೂ ಮಾಡದಂತೆ ಕಂಪನಿ ಅದಕ್ಕೆ ಹಾಕಿದ್ದ ಬೀಗವನ್ನು ಒಡೆದು, ಅವಳು ಅದನ್ನು ಕಂಪ್ಯೂಟರ್ ಮಾಡಿಕೊಂಡಿದ್ದಳು. ಅವಳ ಅನುವಾದದ ಕೆಲಸವೆಲ್ಲ ನಡೆಯುತ್ತಿದ್ದುದು ಅದರಲ್ಲೇ.

“ಇದಕ್ಕೂ ಪೂಜೆನಾ? ಹಂಗೇ ಬುಗುರಿ, ಗೋಲಿನೂ ತಗೊಂಬಾ!” ಎಂದು ಮಾವ ನೆಂಟರೆದುರು ನಕ್ಕು, ಡಬ್ಬಿಯನ್ನು ಪೂಜೆಯಿಂದ ಆಚೆ ಸರಿಸಿದ.

ಮಧ್ಯಾಹ್ನ ಫೋನು ಬಂತು. ಸೇತುವೆಯ ಟೆಂಡರನ್ನು ಸಂಜೆಯೊಳಗೆ ಆನ್‌ಲೈನಿನಲ್ಲಿ ಹಾಕಲೇಬೇಕಿತ್ತು. ಆದರೆ ಕುಂಕುಮವಿಟ್ಟು ಪೂಜಿಸಿದ ಯಾವುದನ್ನೂ, ಲ್ಯಾಪ್‌ಟಾಪನ್ನು ಸಹ, ನಾಳೆಯವರೆಗೆ ಯಾರೂ ಮುಟ್ಟುವಂತಿಲ್ಲ. ಆ ಕಟ್ಟಳೆಯೂ ಮಾವನದೇ.

ಅವನು ಮೆತ್ತಗೆ ಸೊಸೆಯ ಬಳಿ ಬಂದ.

“ವಸುಧಾ, ನಿನ್ನ ಕಂಪ್ಯೂಟರ್ ಸ್ವಲ್ಪ ಬೇಕಿತ್ತಮ್ಮ.”

“ಸದ್ಯ, ಕಂಪ್ಯೂಟರ್ ಅಂತ ಒಪ್ಕೊಂಡ್ರಲ್ಲ ಮಾವ,” ಎನ್ನುತ್ತ ವಸುಧಾ ಡಬ್ಬಿಯ ನೆತ್ತಿಗೆ ಅಗಲವಾಗಿ ಕುಂಕುಮವಿಟ್ಟು ಕೈಮುಗಿದಳು.