ಚಂದ್ರನ ಮೇಲೆ ಅಡ್ಡ ನಿಂತವನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕರಿಬಸಣ್ಣನ ಕೆಲಸ ಒಂದೇ: ಚೆಂಡು ಎಸೆಯುವವನ ಮುಂದೆ ನಿಂತು, ನುಗ್ಗಿ ಬರುವವರಿಗೆ ಅಡ್ಡ ಆಗೋದು. ಭೂಮಿಯಲ್ಲಿ ವರ್ಷಗಟ್ಟಲೆ ಹಾಗೆ ನಿಂತು ಮಂಡಿ ಸವೆದ ಮೇಲೆ, ಎಲ್ಲ ಹಳಬರ ಹಾಗೆ ಅವನೂ ಚಂದ್ರನ ತಂಡಕ್ಕೆ ಬಂದ. ಇಲ್ಲಿ ಮೈಭಾರ ಕಮ್ಮಿ, ಮಂಡಿ ತಂಟೆ ಮಾಡಲ್ಲ. ವಾಪಸ್ ಹೋದರೆ ಗಾಲಿಕುರ್ಚಿಯೇ ಗತಿ.

"ಬಸಣ್ಣ, ಇವತ್ತು ಈ ಸಿರಾಜ ನಿನ್ನ ದಾಟಿದರೆ ಭೂಮಿಗೆ ಟಿಕೆಟ್ಟು," ಅಂತ ಕೋಚ್ ಫಿಲೋಮಿನಾ ಮೇಡಂ ಚೀಟಿ ತೋರಿಸಿದರು.

ಮೊನ್ನೆಯಷ್ಟೇ ಭೂಮಿಯಿಂದ ಬಂದಿದ್ದ ಸಿರಾಜ ತೋಳು ತಟ್ಟಿಕೊಂಡ. "ಪೆಟ್ಟಿಗೆ ಕಟ್ಕೊಳ್ಳಿ ಅಣ್ಣಾ."

"ಮೊದಲು ಬಾರಪ್ಪ, ಮಾತು ಆಮೇಲೆ."

ಸಿರಾಜ ಊರಲ್ಲಿ ನುಗ್ಗುತ್ತಿದ್ದ ಹಾಗೇ ನುಗ್ಗಿದ. ಬಸಣ್ಣ ನೆಲಕ್ಕೆ ತಗ್ಗಿ, ಅವನ ಎದೆಗೆ ಎರಡೂ ಅಂಗೈ ಕೊಟ್ಟು ಮೇಲಕ್ಕೆ ನೂಕಿದ. ಸಿರಾಜ ಗಾಳಿಯಲ್ಲಿ ಕಾಲು ಬಡಿಯುತ್ತಾ ಮೈದಾನ ಮುಚ್ಚಿದ್ದ ಗುಮ್ಮಟದ ದೀಪಗಳವರೆಗೂ ಏರಿದ. ಕೆಳಗೆ ಚೆಂಡು ಆರಾಮಾಗಿ ಎಸೆದಾಗಿತ್ತು.

"ಅಣ್ಣಾ, ಇಳಿಯೋದು ಹೆಂಗೆ?"

"ಬರ್ತೀಯ ಬಿಡು, ಅವಸರ ಏನಿದೆ," ಅಂದ ಬಸಣ್ಣ, ಮೇಡಂ ಕಡೆ ತಿರುಗಿದ. "ಅಷ್ಟರಲ್ಲಿ ಎರಡು ಚಾ ಹೇಳ್ಲಾ?"

ಮೇಡಂ ಟಿಕೆಟ್ಟು ಹರಿದರು. "ಮೂರು ಹೇಳು. ಪಾಪ, ಅವನೂ ಬರ್ತಾನಲ್ಲ."